ಇಟಲಿಗೆ ಹೋಗಿ ಚಪ್ಪಲಿ ಕಾದವರು

ಇಟಲಿಯವರೆಗೆ ಹೋಗಿ ಚಪ್ಪಲಿ ಕಾದುಕೊಂಡು ಬಂದ ಮನುಷ್ಯ ಈ ಪ್ರಪಂಚದಲ್ಲಿ ಒಬ್ಬರೇ ಇರಬೇಕು. ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಅವರು ಹದಿನೆಂಟು ವರ್ಷ ನನ್ನ ಜೊತೆ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ನಾನು ಗಣಿತದವಳು. ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯೋಣ, ಒಳ್ಳೆಯದು ಬೇಕಾದಷ್ಟಿದೆ. ಆದರೆ ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ಬರೆಯುವುದು ನನ್ನ ಕೈಲಾಗದು.

"ನೀವು ಹೋಗ್ಬನ್ನಿ, ನಾನಿಲ್ಲಿರ್ತೀನಿ." ಅವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಶಾಲೆಯ ಪ್ರವಾಸವಿರಲಿ, ಸಹೋದ್ಯೋಗಿಗಳ ಮನೆಯ ಮದುವೆಯಿರಲಿ, ಕೋಟೆಯ ದೇವಸ್ಥಾನದಲ್ಲಿ ಯಾವುದೋ ಪೂಜೆಯಿರಲಿ, ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರೆ ಇವರು ಆ ಚಪ್ಪಲಿಗಳ ಪಕ್ಕ ಕೂತುಬಿಡುತ್ತಿದ್ದರು. ಯಾರೂ ಹೇಳಿದ್ದಲ್ಲ. ಸುಮ್ಮನೆ ಕೂರುವವರೂ ಅಲ್ಲ. ಒಂದೊಂದೇ ಜೊತೆ ಹುಡುಕಿ, ಮುಂತುದಿ ಹೊರಕ್ಕೆ ಮಾಡಿ, ಸಾಲಾಗಿ ಜೋಡಿಸುತ್ತಿದ್ದರು. ಹೊರಗೆ ಬಂದವರು ತಿರುಗಿ ನಿಲ್ಲುವ ಕೆಲಸವೇ ಇಲ್ಲ, ನೇರ ಕಾಲು ತೂರಿಸಿ ಹೊರಟರಾಯಿತು. ನಾವೂ ಅಷ್ಟೇ, ನಾಚಿಕೆಯಿಲ್ಲದೆ ಅಭ್ಯಾಸ ಮಾಡಿಕೊಂಡೆವು. "ಬಿಡ್ರೀ, ಮೇಷ್ಟ್ರಿದ್ದಾರಲ್ಲ" ಎಂದು ಕೈಚೀಲ, ನೀರಿನ ಬಾಟಲಿ, ಮಕ್ಕಳ ಸ್ವೆಟರು, ಎಲ್ಲವನ್ನೂ ಅವರ ಮುಂದೆ ಸುರಿದು ಹೋಗುತ್ತಿದ್ದೆವು.

ಒಂದು ಸಲ ಬೇಲೂರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಲ್ರೀ ಮೇಷ್ಟ್ರೇ, ಲೆಕ್ಕ ಹೇಳ್ಕೊಡೋ ನಾನು ಒಳಗೆ ಹೋಗಿ ಶಿಲ್ಪ ನೋಡ್ತೀನಿ, ಚಿತ್ರ ಹೇಳ್ಕೊಡೋ ನೀವು ಹೊರಗೆ ಕೂತು ಚಪ್ಪಲಿ ಎಣಿಸ್ತೀರ. ಏನ್ ಮಾರಾಯ್ರೆ ಇದು?" ಎಂದೆ.

"ಒಳಗಿರೋದು ಎಲ್ಲೂ ಹೋಗಲ್ಲ ಮೇಡಂ. ಇದು ಹೋಗುತ್ತೆ" ಎಂದು ಒಂದು ಹವಾಯಿ ಚಪ್ಪಲಿಯ ಜೊತೆಗಾರನನ್ನು ಹುಡುಕುವುದರಲ್ಲಿ ಮುಳುಗಿದರು. ಗೋಡೆಗೆ ಹೇಳಿದ ಹಾಗಾಯಿತು.

ಅವರಿಗೆ ಕಾಲಿನ ಹುಚ್ಚು. "ಮುಖ ಎಲ್ರೂ ಬರೀತಾರೆ ಕಣ್ರೋ. ಕಾಲು ಬರೀರಿ ನೋಡೋಣ" ಎಂದು ಮಕ್ಕಳಿಗೆ ವರ್ಷವಿಡೀ ಕಾಲು ಬರೆಸುವರು. ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿ ಡ್ರಾಯಿಂಗ್ ಕೋಣೆಗೆ ಕಾಲಿಟ್ಟರೆ ನಾಲ್ಕೂ ಗೋಡೆಯ ಮೇಲೆ ಬರೀ ಪಾದಗಳು. ನಮ್ಮ ಹೆಡ್‌ಮಾಸ್ಟರು ಬೆವರಿಬಿಟ್ಟರು. ಮನುಷ್ಯರನ್ನು ನೋಡುವಾಗಲೂ ಇವರ ಕಣ್ಣು ಮೊದಲು ಕೆಳಕ್ಕೇ ಹೋಗುತ್ತಿತ್ತು. ಒಮ್ಮೆ ಸ್ಟಾಫ್‌ರೂಮಿನಲ್ಲಿ ಎಲ್ಲರ ಎದುರಿಗೇ, "ಮೇಡಂ, ನಿಮ್ಮ ಚಪ್ಪಲಿ ಎಡಗಡೆ ಹಿಮ್ಮಡಿ ಸವೀತಾ ಇದೆ. ಸೊಂಟ ನೋವಿದ್ಯಾ?" ಎಂದರು. ಇತ್ತು. ಮನೆಯವರಿಗೂ ಹೇಳಿರಲಿಲ್ಲ. ನಿಮಗ್ಯಾಕ್ರೀ ಅದೆಲ್ಲ ಎಂದು ರೇಗಿದ್ದೆ.

ಇಟಲಿಯ ಕಥೆ ಶುರುವಾಗಿದ್ದು ಭದ್ರಾವತಿಯಲ್ಲಿ. ಮೇಷ್ಟ್ರ ತಂದೆ ಅಲ್ಲಿನ ಕಾಗದದ ಕಾರ್ಖಾನೆಯಲ್ಲಿದ್ದರು. ಹೊರದೇಶದಿಂದ ರದ್ದಿ ಕಾಗದದ ದೊಡ್ಡ ದೊಡ್ಡ ಕಟ್ಟುಗಳು ಬರುತ್ತಿದ್ದವಂತೆ. ಬೇಯಿಸಿ ತಿರುಳು ಮಾಡುವ ಮೊದಲು ಕಟ್ಟು ಬಿಡಿಸುವಾಗ ಅದರಲ್ಲಿ ಸಿಕ್ಕ ಒಂದು ಬಣ್ಣದ ಹಾಳೆಯನ್ನು ತಂದೆ ಚಿತ್ರ ಬರೆಯುವ ಮಗನಿಗೆಂದು ತಂದುಕೊಟ್ಟಿದ್ದರು. ಅದು ಯಾವುದೋ ಚರ್ಚಿನ ಗೋಡೆಯ ಮೇಲಿನ ಹಳೆಯ ಚಿತ್ರದ ಫೋಟೋ. ಯೇಸು ನೆಲದ ಮೇಲೆ ಮಂಡಿಯೂರಿ ಶಿಷ್ಯರ ಕಾಲು ತೊಳೆಯುತ್ತಿದ್ದಾನೆ. ಶಿಷ್ಯರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ. ಎಷ್ಟೊಂದು ಕಾಲುಗಳು! ಮೇಷ್ಟ್ರು ಕಾಲು ಬರೆಯಲು ಕಲಿತಿದ್ದೇ ಆ ಹಾಳೆ ನೋಡಿಕೊಂಡು.

ಆದರೆ ಅದರ ಕೆಳಗಿನ ಎಡಮೂಲೆ ಅಂಗೈಯಗಲ ಹರಿದುಹೋಗಿತ್ತು. ಹರಿದ ಅಂಚಿನ ಪಕ್ಕ, ನೆಲದ ಮೇಲೆ ಏನೋ ಒಂದರ ನೆರಳು ಮಾತ್ರ ಉಳಿದಿತ್ತು. ಅಲ್ಲೇನಿತ್ತು? ಈ ಪ್ರಶ್ನೆ ಆ ಮನುಷ್ಯನಿಗೆ ಜೀವಮಾನವಿಡೀ ಅಂಟಿಕೊಂಡಿತು. ಪ್ರತಿ ವರ್ಷ ಒಂಬತ್ತನೇ ತರಗತಿಯವರಿಗೆ ಆ ಹಾಳೆ ತೋರಿಸಿ, "ಈ ಮೂಲೆ ತುಂಬಿಸಿ" ಎನ್ನುವರು. ಒಬ್ಬ ಕೊಡಪಾನ ಬರೆದ, ಒಬ್ಬಳು ಬೆಕ್ಕು ಬರೆದಳು, ಒಬ್ಬ ಟವೆಲ್ಲು ಬರೆದ. ಮೇಷ್ಟ್ರು ಪ್ರತಿಯೊಂದನ್ನೂ ಹಾಳೆಯ ಪಕ್ಕ ಹಿಡಿದು ನೋಡಿ, "ನೆರಳಿಗೆ ಹೊಂದ್ತಾ ಇಲ್ಲ ಮಾರಾಯ" ಎಂದು ಪೇಚಾಡಿಕೊಳ್ಳುತ್ತಿದ್ದರು.

ಚಿತ್ರದ ಕೆಳಗೆ ಊರಿನ ಹೆಸರಿತ್ತು. ಕಾನ್ವೆಂಟಿನ ಸಿಸ್ಟರ್ ಒಬ್ಬರು ಅದನ್ನು ಓದಿ, ವೈನಿನ ದ್ರಾಕ್ಷಿ ಬೆಳೆಯುವ ಸೀಮೆಯ, ಗುಡ್ಡದ ಮೇಲಿನ ಹಳೇ ಊರು ಎಂದು ತಿಳಿಸಿದ್ದರು. ಮೇಷ್ಟ್ರಿಗೆ ಕೊನೆಯವರೆಗೂ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ನನಗೂ ಅಷ್ಟೆ, ಹಾಗಾಗಿ ಇಲ್ಲಿ ಬರೆಯುವ ಸಾಹಸ ಮಾಡುವುದಿಲ್ಲ.

ಇಬ್ಬರೂ ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ದುರ್ಗಿಗುಡಿಯ ಒಬ್ಬ ಟ್ರಾವೆಲ್ಸಿನವನ ಕರಪತ್ರ ನಮ್ಮ ಗೋಪಾಳದ ಮನೆಗೆ ಪೇಪರಿನೊಳಗೆ ಬಂತು. ಇಟಲಿ ಪ್ರವಾಸ, ಜೊತೆಯಲ್ಲೇ ನಮ್ಮ ಕಡೆಯ ಅಡುಗೆಯವರು, ಮೂರು ಹೊತ್ತೂ ನಮ್ಮೂಟ. ಏಳನೇ ದಿನದ ಎದುರಿಗೆ ಆ ಊರಿನ ಹೆಸರು! ವೈನ್ ರುಚಿ, ಒಂದೂವರೆ ಗಂಟೆ ಎಂದಿತ್ತು. ತಕ್ಷಣ ಭದ್ರಾವತಿಯ ಮನೆಯಲ್ಲಿದ್ದ ಮೇಷ್ಟ್ರಿಗೆ ಫೋನ್ ಹಚ್ಚಿದೆ.

"ಒಂದೊಂದೇ ಅಕ್ಷರ ಓದಿ ಮೇಡಂ" ಎಂದರು.

ನಾನು ಓದಿದೆ. ಅವರು ಹಾಳೆ ಮುಂದಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡಿದರು. "ಅದೇ ಊರು" ಎಂದು ಎರಡೆರಡು ಸಲ ಹೇಳಿದರು. ಅವರ ಹೆಂಡತಿಗೆ ಮಂಡಿನೋವು. "ನೀವು ಹೋಗ್ಬನ್ನಿ, ನಾನಿಲ್ಲಿರ್ತೀನಿ" ಎಂದು ಗಂಡನ ಮಾತನ್ನು ಗಂಡನಿಗೇ ಹೇಳಿ ಕಳಿಸಿಕೊಟ್ಟರು.

ಒಟ್ಟು ಹತ್ತೊಂಬತ್ತು ಜನ. ದಸರಾ ಕಳೆದ ಮೇಲೆ ಸೋಗಾನೆಯ ವಿಮಾನ ನಿಲ್ದಾಣದಿಂದ ಹೊರಟೆವು. ಅಲ್ಲೇ ಶುರುವಾಯಿತು ಇವರದ್ದು. ಎಲ್ಲರೂ ವಿಮಾನದ ಎದುರು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವರು ಹತ್ತೊಂಬತ್ತು ಜನರ ಕೈಚೀಲಗಳ ನಡುವೆ ನಿಂತಿದ್ದರು. ಬೆಂಗಳೂರಿನಲ್ಲೂ ಅದೇ, ರೋಮಿನಲ್ಲೂ ಅದೇ. ಎರಡು ದಿನ ಜಗಳ ಮಾಡಿದೆ. ಮೂರನೇ ದಿನ ಅವರೇ, "ಬೇರೆ ಏನೂ ಬೇಡ ಮೇಡಂ, ಅದೊಂದು ನೋಡಿದ್ರೆ ಸಾಕು ನಂಗೆ" ಎಂದರು. ಸರಿ, ಅದನ್ನಾದರೂ ತೋರಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಹಟ ತೊಟ್ಟೆ.

ಏಳನೇ ದಿನ ಬೆಳಿಗ್ಗೆ ಮೇಷ್ಟ್ರು ನೀಟಾಗಿ ಶೇವ್ ಮಾಡಿ, ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡು, ಆ ಹಾಳೆಯನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಬಗಲಲ್ಲಿ ಹಿಡಿದು ಬಸ್ಸು ಹತ್ತಿದರು. ಬಸ್ಸು ನಿಂತದ್ದು ಗುಡ್ಡದ ಬುಡದಲ್ಲಿ. ಸುತ್ತ ಎಲ್ಲಿ ನೋಡಿದರೂ ಬೈತಲೆ ತೆಗೆದಂತೆ ದ್ರಾಕ್ಷಿಯ ಸಾಲು, ಎಲೆ ಕೆಂಪಾಗುತ್ತಿತ್ತು. ಮೇಲೆ ಕೋಟೆಗೋಡೆ, ಅದರೊಳಗೆ ಕಲ್ಲು ಹಾಸಿದ ಇಕ್ಕಟ್ಟಾದ ಬೀದಿಗಳು. ತೆರೆದಿದ್ದ ನೆಲಮಾಳಿಗೆಗಳಿಂದ ದ್ರಾಕ್ಷಿ ರಸ ಹುಳಿಯುವ ವಾಸನೆ ಬರುತ್ತಿತ್ತು. ಮುದುಕಿಯರು ಸೊಪ್ಪು ಕೊಂಡು ಬಾಗಿಲಲ್ಲಿ ನಿಂತು ಹರಟುತ್ತಿದ್ದರು. ಮೇಷ್ಟ್ರು ಹತ್ತಿದ ವೇಗಕ್ಕೆ ನನಗೇ ಏದುಸಿರು ಬಂತು.

ನಮ್ಮ ಟೂರ್ ಮ್ಯಾನೇಜರ್ ವೈನ್ ರುಚಿಯ ಏರ್ಪಾಟಿಗೆಂದು ಮುಂದೆ ಹೋಗಿದ್ದ. ಚರ್ಚು ಹನ್ನೆರಡೂವರೆಗೆ ಬಾಗಿಲು ಹಾಕುತ್ತದೆ ಎಂದು ಮೊದಲೇ ಎಚ್ಚರಿಸಿದ್ದ. ನಾವು ಚರ್ಚಿನ ಮುಂದೆ ತಲುಪಿದಾಗ ಹನ್ನೊಂದೂ ಮುಕ್ಕಾಲು. ಬೇಕಾದಷ್ಟು ಹೊತ್ತಿದೆ ಎಂದು ನಾನು ಪಕ್ಕದ ಕಿಟಕಿಯಲ್ಲಿ ನನಗೂ ಮೇಷ್ಟ್ರಿಗೂ ಟಿಕೆಟ್ ತೆಗೆದುಕೊಂಡು ಬಂದೆ.

ಆಗ ಯಾರೋ ಒಬ್ಬರು ಮೆಟ್ಟಿಲ ಮೇಲೆ ಶೂ ಬಿಚ್ಚಿದರು. ಅಷ್ಟೇ ಸಾಕಾಯಿತು. ದೇವರ ಜಾಗ ಕಂಡರೆ ನಮ್ಮವರ ಕಾಲು ಕೇಳುತ್ತದೆಯೇ? ಅಡಿಕೆ ಮಂಡಿಯ ಸಾಹುಕಾರರು ಬಿಚ್ಚಿದರು, ಅವರ ಹೆಂಡತಿ ಬಿಚ್ಚಿದರು. ಸ್ಪೇರ್ ಪಾರ್ಟ್ಸ್ ಅಂಗಡಿಯ ಭಾಯಿಯೂ, "ಖುದಾನ ಮನೆ ಅಲ್ವಾ ಮೇಡಂ, ಜೂತಾ ಹಾಕ್ಕೊಂಡು ಹೆಂಗೆ ಹೋಗೋದು?" ಎಂದು ಲೇಸು ಬಿಚ್ಚಿದರು. ಅಲ್ಲಿಯವರೆಲ್ಲ ಬೂಟು ಹಾಕಿಕೊಂಡೇ ಟಕಟಕ ಒಳಗೆ ಹೋಗುತ್ತಿದ್ದುದನ್ನು ನಮ್ಮಲ್ಲಿ ಒಬ್ಬರೂ ಗಮನಿಸಲಿಲ್ಲ. ನೋಡುನೋಡುತ್ತಿದ್ದಂತೆ ಹದಿನೆಂಟು ಜೊತೆ ಮೆಟ್ಟಿಲ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದವು.

ಮೇಷ್ಟ್ರು ಫೈಲನ್ನು ಬದಿಗಿಟ್ಟು ಕೂತರು.

"ಇವತ್ತು ಬೇಡ ಮೇಷ್ಟ್ರೇ! ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತು ಮೊದ್ಲು ನೀವು ಹೋಗಿ" ಎಂದೆ.

"ಇಷ್ಟೊಂದು ಇದೆ ಮೇಡಂ, ಕಂಡ ದೇಶ ಅಲ್ಲ. ಯಾರಾದ್ರೂ ಇರ್ಬೇಕಲ್ಲ. ನೀವೆಲ್ಲ ನೋಡ್ಕೊಂಡು ಬಂದ್ಬಿಡಿ, ಆಮೇಲೆ ನಾನು ಒಬ್ನೇ ನಿಧಾನಕ್ಕೆ ನೋಡ್ತೀನಿ. ಅವಸರದಲ್ಲಿ ನೋಡೋ ಚಿತ್ರ ಅಲ್ಲ ಅದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಿಟ್ಟಿನಲ್ಲಿ ದಡದಡ ಒಳಗೆ ಹೋದೆ. ಬಾಗಿಲಲ್ಲಿದ್ದ ಹೆಂಗಸು ನನ್ನ ಬರಿಗಾಲು ನೋಡಿ ಏನೋ ಅರ್ಥವಾದವಳಂತೆ ತಲೆದೂಗಿ, ಟಿಕೆಟ್ಟಿನ ಮೂಲೆ ಹರಿದು ಕೊಟ್ಟಳು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಕಲ್ಲಿನ ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಎದುರಿಗೆ ಗೋಡೆ ತುಂಬ ಚಿತ್ರ. ನಾನು ಅದರ ಮುಂದೆ ಕಾಲು ಎತ್ತಿ ಎತ್ತಿ ಇಡುತ್ತ, ಹೊರಗೆ ಹೋಗಿ ಮೇಷ್ಟ್ರಿಗೆ ಏನೇನು ಬೈಯಬೇಕು ಎಂದು ಮಾತು ಜೋಡಿಸಿಕೊಳ್ಳುತ್ತ ಹತ್ತು ನಿಮಿಷ ನಿಂತಿದ್ದೆ.

ಹೊರಗೆ ಬಂದರೆ ಮೆಟ್ಟಿಲು ಖಾಲಿ. ಶೂಗಳಿಲ್ಲ, ಮೇಷ್ಟ್ರೂ ಇಲ್ಲ.

ಆದದ್ದು ಇಷ್ಟು. ಮುಂತುದಿ ಹೊರಕ್ಕೆ ಮಾಡಿ ಸಾಲಾಗಿ ಜೋಡಿಸಿಟ್ಟ ಹದಿನೆಂಟು ಜೊತೆ, ಪಕ್ಕದಲ್ಲಿ ಕೂತ ಒಬ್ಬ ಮನುಷ್ಯ. ಯಾರೋ ಪ್ರವಾಸಿ ದಂಪತಿ ಸಾಹುಕಾರರ ಹೊಸ ಶೂ ಕೈಗೆತ್ತಿಕೊಂಡು ಏನೋ ಕೇಳಿದ್ದಾರೆ. ಯಾರದು ಎನ್ನುತ್ತಿದ್ದಾರೆಂದು ತಿಳಿದು ಮೇಷ್ಟ್ರು ಒಳಗೆ ಕೈತೋರಿಸಿ, ಎರಡು ನಿಮಿಷದಲ್ಲಿ ಬರುತ್ತಾರೆ ಎಂದು ಎರಡು ಬೆರಳೆತ್ತಿದ್ದಾರೆ. ಅವರು ಎರಡು ನಾಣ್ಯ ಮೆಟ್ಟಿಲ ಮೇಲಿಟ್ಟು ಶೂ ಎತ್ತಿಕೊಂಡು ಹೊರಟೇಬಿಟ್ಟಿದ್ದಾರೆ! ಮೇಷ್ಟ್ರು ಓಡಿ ಹೋಗಿ ಶೂ ಹಿಡಿದೆಳೆದಿದ್ದಾರೆ. ಗಲಾಟೆಗೆ ಒಬ್ಬ ಪೊಲೀಸ್ ಹೆಣ್ಣುಮಗಳು ಬಂದಿದ್ದಾಳೆ. ಚರ್ಚಿನ ಮೆಟ್ಟಿಲ ಮೇಲೆ ಪರವಾನಗಿಯಿಲ್ಲದೆ ಹಳೇ ಶೂ ಮಾರುವವನು ಎಂದು ಇವರನ್ನು ಮಾಲು ಸಮೇತ ಠಾಣೆಗೆ ಕರೆದೊಯ್ದಿದ್ದಾಳೆ. ಇದರಲ್ಲಿ ಅರ್ಧವನ್ನು ಎದುರಿನ ಕಾಫಿ ಅಂಗಡಿಯವನು ಕೈಸನ್ನೆಯಲ್ಲಿ ನಮಗೆ ನಟಿಸಿ ತೋರಿಸಿದ, ಉಳಿದರ್ಧ ಆಮೇಲೆ ಮೇಷ್ಟ್ರಿಂದ ತಿಳಿಯಿತು.

ಹದಿನೆಂಟು ಜನ ಶಿವಮೊಗ್ಗದವರು ಆ ಐತಿಹಾಸಿಕ ಬೀದಿಯಲ್ಲಿ ಬರಿಗಾಲಲ್ಲಿ ಠಾಣೆಗೆ ಮೆರವಣಿಗೆ ಹೊರಟೆವು. ಮುದುಕಿಯರು ಶಿಲುಬೆಯ ಗುರುತು ಮಾಡಿಕೊಂಡರು.

ಠಾಣೆಯೊಳಗೆ ಬೆಂಚಿನ ಮುಂದೆ ಶೂಗಳನ್ನು ಮತ್ತೆ ಸಾಲಾಗಿ ಜೋಡಿಸಿ ಮೇಷ್ಟ್ರು ಕೂತಿದ್ದರು. ಮ್ಯಾನೇಜರ್ ಓಡಿಬಂದು ವಿವರಿಸಿದ. ಆಕೆ ನಂಬಲಿಲ್ಲ. ಆಗ ಮೇಷ್ಟ್ರು ಎದ್ದರು. ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಒಂದೊಂದೇ ಜೊತೆ ಎತ್ತಿಕೊಂಡು, ನಮ್ಮ ಮುಖವನ್ನಲ್ಲ, ಪಾದವನ್ನು ನೋಡುತ್ತ ಬಂದು, ಪ್ರತಿಯೊಬ್ಬರ ಮುಂದೆ ಬಗ್ಗಿ ಇಟ್ಟರು.

"ಬಗ್ಬೇಡಿ ಮೇಷ್ಟ್ರೇ, ನಾವೇ ತಗೋತೀವಿ" ಎಂದರು ಭಾಯಿ. ಇವರು ಕೇಳಿದರೆ ತಾನೆ! ಭಾಯಿಯದೂ ಸಾಹುಕಾರರ ಮಗನದೂ ಒಂದೇ ಕಂಪನಿಯ ಒಂದೇ ಬಣ್ಣದ ಶೂ, ಅವೂ ಅದಲುಬದಲಾಗಲಿಲ್ಲ. ಕೊನೆಗೆ ನನ್ನ ಮುಂದೆ ನನ್ನದನ್ನಿಟ್ಟು, "ಕಾಲು ನೀಲಿ ಆಗಿದೆ ಮೇಡಂ, ಮೊದ್ಲು ಸಾಕ್ಸ್ ಹಾಕ್ಕೊಳ್ಳಿ" ಎಂದರು. ಪೊಲೀಸಿನವಳು ನಕ್ಕು ಚಪ್ಪಾಳೆ ತಟ್ಟಿಬಿಟ್ಟಳು.

ನಾನು ಅವರ ಕೈ ಹಿಡಿದು ಎಳೆದುಕೊಂಡೇ ಓಡಿದೆ. ಹನ್ನೆರಡೂ ಮುಕ್ಕಾಲು. ಬಾಗಿಲು ಹಾಕಿತ್ತು. ಬಡಿದೆ, ಕೂಗಿದೆ. ಮತ್ತೆ ತೆರೆಯುವುದು ಮೂರೂವರೆಗೆ ಎಂದು ಬೋರ್ಡಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

"ಕಾಯೋಣ" ಎಂದೆ ಮ್ಯಾನೇಜರಿಗೆ.

"ಆಗಲ್ಲ ಮೇಡಂ. ಕೆಳಗೆ ಅನ್ನ ಆಗಿದೆ. ಲೇಟಾದ್ರೆ ಈ ದೇಶದಲ್ಲಿ ಡ್ರೈವರ್ ಗಾಡಿ ಓಡಿಸಲ್ಲ, ರೂಲ್ಸು. ಸಂಜೆ ಒಳಗೆ ಮುಂದಿನ ಊರು ಸೇರ್ಬೇಕು."

"ನಾವಿಬ್ರೇ ಉಳ್ಕೊಳ್ತೀವಿ. ಆಮೇಲೆ ಟ್ಯಾಕ್ಸಿಲಿ ಬರ್ತೀವಿ."

"ಗ್ರೂಪ್ ಬಿಟ್ಟು ಕಳಿಸಿದ್ರೆ ನನ್ನ ಕೆಲ್ಸ ಹೋಗುತ್ತೆ ಮೇಡಂ" ಎಂದು ಅವನು ಅಳುವ ಹಾಗಾದ. ಸಾಹುಕಾರರು ಮೆಲ್ಲಗೆ, ವೈನ್ ರುಚಿ ಪ್ಯಾಕೇಜಿನಲ್ಲೇ ಇದೆಯಲ್ಲ ಎಂದು ನೆನಪಿಸಿದರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ಮೇಷ್ಟ್ರೇ, "ಬೇಡ ಮೇಡಂ. ಒಬ್ನಿಗೋಸ್ಕರ ಎಲ್ರನ್ನೂ ಕಾಯಿಸೋದು ಚೆನ್ನಾಗಿರಲ್ಲ" ಎಂದರು.

"ಎಷ್ಟು ಜನಕ್ಕೆ, ಎಷ್ಟು ವರ್ಷ ಕಾದಿದ್ದೀರ ನೀವು! ಒಂದಿನ ನಿಮಗೋಸ್ಕರ ನಾವು ಕಾದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಆ ಚರ್ಚಿನ ಎದುರು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ.

"ಚಿತ್ರ ಎಲ್ಲೂ ಹೋಗಲ್ಲ ಮೇಡಂ" ಎಂದರು. ಮುಚ್ಚಿದ ಬಾಗಿಲನ್ನು ಒಮ್ಮೆ ಕೈಯಿಂದ ಮುಟ್ಟಿ ಮೆಟ್ಟಿಲಿಳಿದರು.

ಈಗ ಹೇಳಬೇಕು. ಮೊದಲು ಶೂ ಬಿಚ್ಚಿದ ಆ ಯಾರೋ ಒಬ್ಬರು ಅಂದೆನಲ್ಲ, ಅದು ನಾನೇ. ನಾನು ಬಿಚ್ಚದಿದ್ದರೆ ಉಳಿದವರು ಬಿಚ್ಚುತ್ತಿರಲಿಲ್ಲ. ಮೇಷ್ಟ್ರು ಅದನ್ನು ನೋಡಿದ್ದರು. ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನ್ನ ಸಿಟ್ಟಾದರೂ ಇಳಿಯುತ್ತಿತ್ತು.

ಊಟವಾದ ಮೇಲೆ ಬಸ್ಸಿನಲ್ಲಿ ಅವರು ನನ್ನ ಪಕ್ಕ ಬಂದು ಕೂತು ಫೈಲು ತೆರೆದರು. ಹರಿದ ಮೂಲೆಯ ಮೇಲೆ ಬೆರಳಿಟ್ಟರು. "ನೀವು ನೋಡಿದ್ರಲ್ಲ ಮೇಡಂ. ಇಲ್ಲೇನಿತ್ತು?"

ನಾನು ನೋಡಿರಲಿಲ್ಲ. ಹತ್ತು ನಿಮಿಷ ಅದರ ಮುಂದೆ ನಿಂತು, ಆ ಮನುಷ್ಯ ಜೀವಮಾನವಿಡೀ ಕೇಳಿದ ಒಂದೇ ಒಂದು ಮೂಲೆಯ ಕಡೆ ನಾನು ಕಣ್ಣು ಹಾಯಿಸಿರಲಿಲ್ಲ. ಅವರ ಮುಖ ನೋಡಿ ಅದನ್ನು ಹೇಳಲು ಬಾಯಿ ಬರಲಿಲ್ಲ.

"ನಾಯಿ" ಎಂದೆ.

"ನಾಯೀನಾ!" ಮುಖ ಊರಗಲವಾಯಿತು. "ಮಲ್ಗಿತ್ತಾ, ಕೂತಿತ್ತಾ?"

"ಕೂತಿತ್ತು."

"ಕಿವಿ?"

"ಒಂದು ನಿಂತಿತ್ತು."

"ಅದಕ್ಕೇ ನೆರಳು ಹಾಗಿದೆ ನೋಡಿ" ಎಂದು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೊಬೈಲಿನಲ್ಲಿ ಹುಡುಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಭಾಯಿ ಹುಡುಕಿ ಕೊಡುತ್ತೇನೆ ಎಂದರು. "ಬೇಡ ಭಾಯಿ, ಮೇಡಂ ಕಣ್ಣಾರೆ ನೋಡಿದ್ದಾರಲ್ಲ, ಸಾಕು" ಎಂದುಬಿಟ್ಟರು. ನಾನಾಗಿ ಹುಡುಕಲು ನನಗೆ ಧೈರ್ಯ ಬರಲಿಲ್ಲ.

ಊರಿಗೆ ಬಂದ ತಿಂಗಳಿಗೆ ಭದ್ರಾವತಿಯಿಂದ ಬಸ್ಸಿನಲ್ಲಿ ನಮ್ಮನೆಗೆ ಬಂದರು. ಹಾಳೆಯ ಮೂಲೆಗೆ ಹೊಸ ಕಾಗದ ಅಂಟಿಸಿ, ಬಣ್ಣ ಹೊಂದಿಸಿ ನಾಯಿ ಬರೆದಿದ್ದರು. ಒಂದು ಕಿವಿ ನಿಂತಿತ್ತು. "ಹೀಗೇನಾ?" ಎಂದರು. "ಹೀಗೇ" ಎಂದೆ. ಕಾಫಿ ಕುಡಿದು ಹೋದರು.

ಹೋದ ತಿಂಗಳು ಎದೆನೋವು ಎಂದವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಹದಿಮೂರನೆಯ ದಿನ ಭದ್ರಾವತಿಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಗೋಡೆಯ ಮೇಲೆ ಅವರ ಫೋಟೋದ ಪಕ್ಕ ಆ ಚಿತ್ರ, ಕಟ್ಟು ಹಾಕಿಸಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಬಂದೋರಿಗೆಲ್ಲ ತೋರಿಸ್ತಿದ್ರು. 'ನಾನು ಹೋಗಿ ನೋಡ್ಲಿಲ್ಲ, ಮೇಡಂ ನಂಗೋಸ್ಕರ ನೋಡ್ಕೊಂಡು ಬಂದ್ರು' ಅಂತಿದ್ರು. ನಿಮ್ಹತ್ರ ಆ ಊರಿಂದು ಏನಾದ್ರೂ ಇದ್ರೆ ಕೊಡಿ, ಚಿತ್ರದ ಪಕ್ಕ ಇಡ್ತೀನಿ" ಎಂದರು. ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಹೊರಗೆ ಬಂದು ನನ್ನ ಚಪ್ಪಲಿ ಹುಡುಕುವುದಕ್ಕೆ ಕಾಲು ಗಂಟೆ ಹಿಡಿಯಿತು.

ನಿನ್ನೆ ಮಧ್ಯಾಹ್ನ ಪಾಸ್‌ಪೋರ್ಟಿನ ಚೀಲ ತೆಗೆದು ನೋಡಿದೆ. ಅವತ್ತು ಸಿಟ್ಟಿನಲ್ಲಿ ತುರುಕಿದ್ದ ಎರಡೂ ಟಿಕೆಟ್ ಅಲ್ಲೇ ಇದ್ದವು. ಹಿಂಬದಿಯಲ್ಲಿ ಆ ಗೋಡೆಚಿತ್ರವನ್ನೇ ಅಚ್ಚು ಹಾಕಿದ್ದರು. ನನ್ನ ಟಿಕೆಟ್ಟಿನ ಮೂಲೆಯನ್ನು ಆ ಹೆಂಗಸು ಹರಿದುಕೊಂಡಿದ್ದಳು. ಮೇಷ್ಟ್ರದು ಹರಿದಿರಲಿಲ್ಲ, ಇಡಿಯಾಗಿತ್ತು. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಕೆಳಗಿನ ಎಡಮೂಲೆ ನೋಡಿದೆ. ಒಬ್ಬ ವಯಸ್ಸಾದ ಮನುಷ್ಯ ನೆಲದ ಮೇಲೆ ಕೂತಿದ್ದಾನೆ. ಕಾಲು ತೊಳೆಯುವ ಗುರುವಿನ ಕಡೆ ಅವನ ಗಮನವಿಲ್ಲ. ಮುಂದೆ ಎಲ್ಲರೂ ಬಿಚ್ಚಿಟ್ಟ ಚಪ್ಪಲಿಗಳು ಸಾಲಾಗಿವೆ. ಅವನು ಒಂದನ್ನು ಕೈಯಲ್ಲಿ ಹಿಡಿದು ಅದರ ಜೊತೆಯದನ್ನು ಹುಡುಕುತ್ತಿದ್ದಾನೆ.

ನಾನು ಅದನ್ನು ನಾಯಿ ಅಂದಿದ್ದೆ.